ಗೆದ್ದಲಿನ ಮಡಕೆ

ಹಳೆಯ ಮಡಕೆ, ಬಾಯಿ ಮುಕ್ಕಾದದ್ದು, ನೀರಿಗೆ ಬಾರದ್ದು.
ಅದರೊಳಗೆ ಸಜ್ಜೆ ದಂಟಿನ ಚೂರು, ಒಂದು ಹಿಡಿ ಒಣ ಸಗಣಿ,
ಮೇಲೊಂದು ಬೊಗಸೆ ನೀರು.
ಸಂಜೆ ಹುತ್ತದ ತೂತಿನ ಮೇಲೆ ಬೋರಲು ಹಾಕಿ
ಸುತ್ತ ಮಣ್ಣು ಮೆತ್ತಿ ಬಂದರೆ
ರಾತ್ರಿಯೆಲ್ಲ ನೆಲದಡಿಯ ಮಂದಿ ನನಗೆ ಕೂಲಿ ಮಾಡುತ್ತಾರೆ.

ಬೆಳಕು ಹರಿಯುವ ಮುಂಚೆ ಎತ್ತಬೇಕು.
ಬಿಸಿಲು ತಾಗಿತೋ, ಕೆಳಗಿಳಿದುಬಿಡುತ್ತವೆ,
ಸಾಲ ವಸೂಲಿಗೆ ಬಂದವನ ಕಂಡು
ಹಿಂಬಾಗಿಲು ಹಿಡಿದ ಗಂಡಸಿನ ಹಾಗೆ.

ಕೂಡೂಗು ಸಂತೆಯಲ್ಲಿ ಚೀಲದ ಆಹಾರ ಮಾರುವ ಹುಡುಗ
ನಕ್ಕು ಹೇಳಿದ: ಅಜ್ಜೀ, ಇದನ್ನು ಹಾಕು,
ನಲವತ್ತು ದಿನಕ್ಕೆ ಎರಡು ಕಿಲೋ ಕೋಳಿ.
ಬೆರಳು ಮಡಿಸಿ ಎಣಿಸಿದೆ:
ನಾಲ್ಕು ಹುಂಜ ಮಾರಿ ಎರಡು ಹೇಂಟೆ ಸಾಕುವ ಲೆಕ್ಕ.
ಮೊದಲು ನೀನು ತಿಂದು ದಪ್ಪಗಾಗು ಮಗಾ, ಅಂದೆ.

ನನ್ನಲ್ಲಿ ಏನಿಲ್ಲ?
ಹೆಂಡಕ್ಕೆ ಜೋಳ ಕಾಯಿಸಿ ಸೋಸಿದ ಚರಟ.
ಗಡಿಗೆ ತಳದ ಗಸಿ (ಅದನ್ನು ಕುಡಿದ ಹುಂಜ
ಮಧ್ಯಾಹ್ನದವರೆಗೆ ತಾನೇ ಊರ ಮುಖ್ಯಸ್ಥ).
ಪುಂಡಿ ಬೀಜ, ಬೇಲಿಯ ನುಗ್ಗೆ ಸೊಪ್ಪು,
ಕೊಳೆತ ಮಾವು, ಅದರೊಳಗಿನ ಹುಳ.
ಗಿರಣಿ ಗುಡಿಸುವ ಪಸ್ಕಾಲನಿಗೆ ವಾರಕ್ಕೊಂದು ಬುರುಡೆ ಹೆಂಡ,
ಅವನು ಕೊಡುವುದು ನೆಲಕ್ಕೆ ಬಿದ್ದ ತೌಡು,
ಅರ್ಧ ಮಣ್ಣು; ಕೋಳಿಗೆ ಅದೂ ಬೇಕು.
ಮೊಟ್ಟೆಯ ಸಿಪ್ಪೆ ಹುರಿದು ಕುಟ್ಟುತ್ತೇನೆ,
ಗುರುತು ಸಿಗದ ಹಾಗೆ.
ಗುರುತು ಸಿಕ್ಕರೆ ಕೆಟ್ಟ ಬುದ್ಧಿ ಕಲಿತಾವು.

ಆ ಸಲ ಮಳೆಗೆ ಮುಂಚೆ ನನ್ನ ಚುಕ್ಕೆ ಹೇಂಟೆ ಕಾಣೆಯಾಯಿತು.
ಹದ್ದು ಒಯ್ದಿರಬೇಕು. ಹದ್ದಿಗೂ ಮಕ್ಕಳಿರುತ್ತವೆ, ಅಂದೆ.
ಆಮೇಲೆ ಮನಸಾರೆ ಬೈದೆ.
ಅದರ ಹಿಂದೆಯೇ ಮಡಕೆ ಬರಿದಾಗತೊಡಗಿತು.
ಒಡೆದಿಲ್ಲ, ಉರುಳಿಲ್ಲ,
ಗೆದ್ದಲು ಬಳಿದುಕೊಂಡು ಮತ್ತೆ ಬೋರಲಿಟ್ಟು
ಅಂಚಿಗೆ ಮಣ್ಣನ್ನೂ ಮೆತ್ತಿದ್ದಾರೆ.
ಕಳ್ಳರಲ್ಲೂ ಅಚ್ಚುಕಟ್ಟಿನವರು.

ಮೊಮ್ಮಗನ ಹೆಸರು ನೋಆಗ.
ನಮ್ಮ ಮಾತಿನಲ್ಲಿ ಕೋಳಿ ಎಂದೇ ಅರ್ಥ;
ಶಾಲೆಯಲ್ಲಿ ಅವನಿಗೆ ಅದು ನಾಚಿಕೆ.
ಹೆಜ್ಜೆ ಹಿಡಿದು ಹೋದವನು ಓಡಿ ಬಂದು ಪಿಸುಗುಟ್ಟಿದ:
ಲಾಮೂಸಳ ಹಿತ್ತಿಲು.

ಹೋದೆ. ಸೊಂಟಕ್ಕೆ ಕೈ ಕೊಟ್ಟುಕೊಂಡೇ ಹೋದೆ.
ಅವಳು ಮುಚ್ಚಿಡಲಿಲ್ಲ,
ಬುರುಡೆಯಿಂದ ಗೆದ್ದಲು ಚೆಲ್ಲುತ್ತಿದ್ದಳು.
ಅವಳ ಕಾಲ ಬಳಿ ನನ್ನ ಚುಕ್ಕೆ,
ಸುತ್ತ ಹನ್ನೊಂದು ಮರಿ, ಮಣ್ಣಿನುಂಡೆಗೆ ಜೀವ ಬಂದ ಹಾಗೆ.

ತಾನಾಗಿ ಬಂದು ನನ್ನ ಒಡಕು ಒರಳಲ್ಲಿ ಕಾವು ಕೂತಿತು, ಅಂದಳು.
ನಿನ್ನದೆಂದು ಗೊತ್ತಿತ್ತು.
ಅದಕ್ಕೇ ನಿನ್ನ ಗೆದ್ದಲು ತಂದು ಹಾಕಿದೆ.
ನಿನ್ನ ಕೋಳಿಗೆ ನನ್ನದನ್ನು ಯಾಕೆ ಹಾಕಲಿ?

ಬಾಯಿ ತುಂಬ ತಂದಿದ್ದ ಬೈಗುಳ
ಎಲ್ಲಿ ಇಳಿಸಲಿ ತಿಳಿಯಲಿಲ್ಲ.

ಮೊಟ್ಟೆ ನನ್ನದು, ಮಡಕೆ ನನ್ನದು.
ಒರಳು ಅವಳದು, ನೆರಳು ಅವಳದು,
ಹಾವು ಬಾರದ ಹಾಗೆ ದೀಪ ಹಿಡಿದು ಎದ್ದ
ಇಪ್ಪತ್ತೊಂದು ರಾತ್ರಿ ಅವಳವು.
ಹುತ್ತವೋ, ದಾರಿ ಬದಿಯದು, ಯಾರದೂ ಅಲ್ಲ.
ಮರಿ ಯಾರವು?

ಕರೆದು ನೋಡಿ, ಅಂದ ನೋಆಗ.
ನಾನು ನನ್ನ ಬೇಲಿ ಬಳಿ, ಅವಳು ಅವಳ ಬಾಗಿಲಲ್ಲಿ,
ಇಬ್ಬರೂ ಬುರುಡೆ ಬಡಿದೆವು, ಟಕ ಟಕ,
ಇಬ್ಬರ ಬುರುಡೆಯೂ ಖಾಲಿ.

ಚುಕ್ಕೆ ಕತ್ತೆತ್ತಿತು. ನನ್ನ ಕಡೆಗೆ ನಾಲ್ಕು ಹೆಜ್ಜೆ,
ಅವಳ ಕಡೆಗೆ ಎರಡು,
ಆಮೇಲೆ ನಡುದಾರಿಯಲ್ಲಿ
ಆಗಷ್ಟೇ ಗಾಡಿಯ ಕತ್ತೆ ಹಾಕಿಹೋದ ಲದ್ದಿ ಕಂಡು
ಎರಡೂ ಕಾಲಿಂದ ಕೆದರತೊಡಗಿತು.
ಹನ್ನೊಂದು ಕೊಕ್ಕು ಅದರೊಳಗೆ.

ಬಡಿಯುವುದನ್ನು ಯಾರು ಮೊದಲು ನಿಲ್ಲಿಸಿದೆವೋ ನೆನಪಿಲ್ಲ.
ನಾಳೆ ಮಡಕೆ, ಅಂದಳು ಲಾಮೂಸ,
ನೀನು ಎತ್ತುವೆಯೋ, ನಾನು ಎತ್ತಲೋ?