ಹೋಲಿಕೆಯ ರಕ್ತ

ಕಲಂಜ್ಯಾನುಸ್ ಊರ ಹಿಂದಿನ ಗುಡ್ಡದಲ್ಲಿ
ಬಿರಡೆ ಮರಗಳು ತೊಗಟೆ ಸುಲಿಸಿಕೊಂಡು ನಿಂತಿವೆ,
ಸೊಂಟದಿಂದ ಕೆಳಗೆ ಕೆಂಪು, ಕೆಲವು ಹಸಿ, ಕೆಲವು ಕಂದಿದವು.
ಒಮ್ಮೆ ಸುಲಿದರೆ ಹತ್ತು ವರ್ಷ ಯಾರೂ ಮುಟ್ಟುವಂತಿಲ್ಲ,
ತೊಗಟೆ ಮತ್ತೆ ಬರುತ್ತದೆ.
ಮೂರು ಬೇಸಿಗೆಯ ಹಿಂದೆ, ಕೊನೆಯ ಮರಕ್ಕೆ
ಸುಣ್ಣದಲ್ಲಿ ಇಸವಿ ಬರೆಯುತ್ತಿದ್ದಾಗ
ಬಸ್ತಿಯಾನುವಿನ ಕೈಯಿಂದ ಕುಂಚ ಜಾರಿತಂತೆ.
ಅದಕ್ಕೂ ಮೊದಲು ಕೊಡಲಿ.
ಅದಕ್ಕೂ ಮೊದಲು ಅಂಗಿಯ ಗುಂಡಿ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಹೆಬ್ಬೆರಳ ಬುಡದ ದಿಂಡು ಕರಗಿ
ಅಂಗೈಯಲ್ಲಿ ನೀರು ನಿಲ್ಲುವಷ್ಟು ಹಳ್ಳ ಬಿದ್ದಿತ್ತು.
ಆದರೂ ಕತ್ತಿನ ಮೂಳೆ ಅಂದರು, ಮಣಿಕಟ್ಟು ಕುಯ್ದರು,
ಹದಿನಾಲ್ಕು ತಿಂಗಳು ತಿರುಗಿಸಿ
ಆಮೇಲೆ ಹೆಸರು ಹೇಳಿದರು.
ನಾವು ಹುಡುಕುತ್ತಿರುವುದು ಆ ಕನ್ನಡಿಯನ್ನೇ,
ನೆತ್ತರಿನಲ್ಲಿ,
ಹದಿನಾಲ್ಕು ತಿಂಗಳು ಮೊದಲೇ ತೋರಿಸುವಂಥದು.

ನನ್ನ ಪಾಲಿನ ಕೆಲಸ ಸಣ್ಣದು.
ತಣ್ಣನೆ ಪೆಟ್ಟಿಗೆ, ನೇರಳೆ ಮುಚ್ಚಳದ ಕೊಳವೆಗಳು,
ಎರಡು ಗಂಟೆಯೊಳಗೆ ಸಸ್ಸಾರಿಯ ಲ್ಯಾಬು ಮುಟ್ಟಬೇಕು.
ಯಂತ್ರ ಗಿರಗಿರ ತಿರುಗಿ ಕೆಂಪು ತಳಕ್ಕೆ ಕೂತರೆ
ಮೇಲೆ ನಿಲ್ಲುವುದು ಒಣಹುಲ್ಲಿನ ಬಣ್ಣದ ತಿಳಿ.
ಹೊಳೆಯ ಮೇಲ್ಗಡೆ ಎಲ್ಲೋ ಮನೆ ಕುಸಿದರೆ
ಜಂತಿಯ ಚೂರು ತೇಲಿಬರುತ್ತದಲ್ಲ,
ಹಾಗೆ ಈ ತಿಳಿಯಲ್ಲಿ ಮುರಿದ ನರದ ಎಳೆಗಳು.
ಎಣಿಸಬಹುದು. ಪಿಕೋಗ್ರಾಮಿನ ಲೆಕ್ಕ.
ಮನೆ ಬಿದ್ದದ್ದು ಗೊತ್ತಾಗುತ್ತದೆ;
ಯಾರ ಮನೆ, ಯಾಕೆ ಬಿತ್ತು, ಜಂತಿ ಹೇಳುವುದಿಲ್ಲ.
ಲಕ್ವ ಹೊಡೆದವನಲ್ಲೂ ಇದೇ ಎಳೆ,
ಬರೀ ಮುಪ್ಪಿನಲ್ಲೂ ಒಂದಿಷ್ಟು.

ಹೋದ ವರ್ಷ ಬೇರೊಂದು ಪ್ರೋಟೀನು ಸಿಕ್ಕಿತೆಂದು ಕುಣಿದೆವು.
ಅರವತ್ತು ಜನರಲ್ಲಿ ಮಿನುಗಿದ್ದು
ಇನ್ನೂರು ಜನರಲ್ಲಿ ಮಸುಕಾಯಿತು.
ಡಾಕ್ಟರ್ ಲವಿನ್ಯಾ ಹಲಗೆ ಒರೆಸಿ
ಏನೂ ಆಡದೆ ಕಾಫಿಗೆ ನಡೆದಳು.

ಹೋಲಿಸಿ ನೋಡಲು ರೋಗವಿಲ್ಲದವರ ರಕ್ತ ಬೇಕು.
ದೂರ ಹುಡುಕಬೇಕಿಲ್ಲ, ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ,
ಇಬ್ಬರ ಕೋಟನ್ನೂ ಮಡಿಲಲ್ಲಿಟ್ಟುಕೊಂಡು.
ಪಾಸ್ಕಾ ತಾನಾಗಿಯೇ ತೋಳು ಮಡಿಸಿದಳು.
ಅವನದು ೪೧೭. ಅವಳದು ೪೧೮.
ಒಂದೇ ಬಾವಿಯ ನೀರು, ಅದೇ ಕುರಿಗಳ ಚೀಸು,
ಮೂವತ್ತೊಂಬತ್ತು ಚಳಿಗಾಲ ಒಂದೇ ಒಲೆಯ ಹೊಗೆ.
ವ್ಯತ್ಯಾಸ ಅಂತ ಏನಾದರೂ ಇದ್ದರೆ
ಅದು ಅಡಗಿರಬೇಕಾದ ಜಾಗ
ಒಂದು ಹಾಸಿಗೆಯ ಅಗಲ.

ಫೆಬ್ರವರಿಯ ಭೇಟಿಯ ಹೊತ್ತಿಗೆ
ಅವನಿಗೆ ಮಾತು ನಿಂತಿತ್ತು. ಅವಳು ಕೇಳಿದಳು:
"ನನ್ನದರಲ್ಲಿ ಏನು ಬಂತು?"
ಹೇಳುವಂತಿಲ್ಲ. ಒಳ್ಳೆಯ ಸುದ್ದಿಯಲ್ಲವೆ ಅಂತ ಹೇಳಿಬಿಟ್ಟೆ:
"ಏನೂ ಇಲ್ಲ."
ಅವಳ ಮುಖ ಕಪ್ಪಿಟ್ಟಿತು.
"ಏನೂ ಅಂದರೆ ಏನೇನೂ ಇಲ್ಲವೆ?
ಅವನ ಗೊರಕೆ ನನಗೆ ಬಂತು, ಮುಂಗೋಪ ಬಂತು,
ಬೆನ್ನ ಹಿಂದೆ ಕೈ ಕಟ್ಟಿ ನಡೆಯುವುದು ಬಂತು,
ಕಾಣದೂರಿನವರು ಅಣ್ಣ ತಂಗಿಯರೆ ಅಂತ ಕೇಳುತ್ತಿದ್ದರು.
ಇದೊಂದಕ್ಕೆ ಮಾತ್ರ ನಾನು ಹೊರಗಿನವಳಾದೆನೆ?"

ನನ್ನ ಪಟ್ಟಿಯಲ್ಲಿ ಅವಳ ಸಾಲಿಗೆ
'ಹೋಲಿಕೆ' ಅಂತಲೇ ಹೆಸರು.
ಹೋಲದಿದ್ದರಷ್ಟೇ ಅದು ಕೆಲಸಕ್ಕೆ ಬರುತ್ತದೆಂದು
ಅವಳಿಗೆ ಯಾವ ಬಾಯಲ್ಲಿ ಹೇಳಲಿ.

ಬಸ್ತಿಯಾನು ಕಣ್ಣು ಮಿಟುಕಿಸಿದ, ಎರಡು ಸಲ.
ಹೌದಕ್ಕೆ ಎರಡೋ, ಅಲ್ಲಕ್ಕೆ ಎರಡೋ, ನನಗೆ ಮರೆತಿತ್ತು.
ಅವಳು ನಕ್ಕಳು:
"ವದರಬೇಡ, ಕೊಡುವುದನ್ನು ಕೊಡು ಅನ್ನುತ್ತಾನೆ."
ಅವನ ತೋಳನ್ನು ಎತ್ತಿ ದಿಂಬಿನ ಮೇಲಿಟ್ಟು,
ಅಂಗೈ ಮೇಲಾಗಿ ತಿರುಗಿಸಿ,
ಪಕ್ಕದಲ್ಲಿ ತನ್ನದನ್ನೂ ಇಟ್ಟಳು.
ಯಾರದನ್ನು ಮೊದಲು ಚುಚ್ಚಲಿ ಅಂತ
ಸೂಜಿ ಹಿಡಿದು ಒಂದು ಕ್ಷಣ ಕೂತೆ.

ಇಳಿಯುವ ದಾರಿಯಲ್ಲಿ ಆ ಮರ ಸಿಗುತ್ತದೆ.
ಕೊನೆಯ ಅಂಕಿ ಅರ್ಧಕ್ಕೇ ಜಾರಿದೆ,
ಸೊನ್ನೆ ಅಂದರೆ ಸೊನ್ನೆ, ಆರು ಅಂದರೆ ಆರು.
ತಿರುವುಗಳಲ್ಲಿ ಪೆಟ್ಟಿಗೆ ಉರುಳದಂತೆ
ಒಂದು ಕೈ ಅದರ ಮೇಲಿಟ್ಟು ಓಡಿಸಿದೆ.
ಇನ್ನೂ ಒಂದು ಗಂಟೆ ನಲವತ್ತು ನಿಮಿಷ ಇತ್ತು.