ತನಕ

ಕಾಟ್‌ಬುಸ್ಸಿನ ಈ ಬೀದಿಗೆ ಎರಡು ಹೆಸರು,
ಮೇಲೆ ಜರ್ಮನ್, ಕೆಳಗೆ ಚಿಕ್ಕದಾಗಿ ಸೋರ್ಬಿಯನ್.
ಯಾಡ್ವಿಗಾ ಶಿಂಕೊ ದಿನಾ ಎರಡನ್ನೂ ಓದಿಯೇ ಒಳಗೆ ಬರುತ್ತಾಳೆ.
ಒಂದೇ ಸಂಗತಿಯನ್ನು ಇನ್ನೊಂದು ಮಾತಲ್ಲಿ ಹೇಳುವುದು
ಅವಳ ಕಸುಬು ಕೂಡ.

ನೆಲಮಾಳಿಗೆಯ ಕತ್ತಲಲ್ಲಿ, ಗಾಜಿನ ತಟ್ಟೆಯಲ್ಲಿ
ಲೋಳೆಬೂಷ್ಟು.
ಅರಿಸಿನ ಕಲಸಿ ಚೆಲ್ಲಿದ ಹಾಗೆ.
ತಲೆಯಿಲ್ಲ, ಬಾಯಿಲ್ಲ, ಇಡೀ ಮೈ ಒಂದೇ ಜೀವಕೋಶ;
ಓಟ್ಸ್ ಸಿಕ್ಕಿತೋ, ಎಲ್ಲ ಕಡೆಯೂ ಬಾಯಿ.
ಆರು ದಿನ ಉಪವಾಸ ಕೆಡವಿ
ಕೆಂಪಿಗೂ ಆಚೆಯ ಕೆಂಪನ್ನು ಕಾಲು ಗಂಟೆ ಬಿಟ್ಟರೆ
ಹರಿಯುವುದನ್ನು ನಿಲ್ಲಿಸಿ
ಕಪ್ಪು ಕಡ್ಡಿಗಳಾಗಿ ಎದ್ದು, ನೆತ್ತಿಯಲ್ಲಿ ಬೀಜಕಣ ಹೊತ್ತು
ಒಣಗುತ್ತದೆ.

ಮೇಲಿನ ಮಹಡಿಯಲ್ಲಿ ಅದೇ ಜೀವ
ಸೊನ್ನೆ, ಚೌಕ, ಗೀಟು.
ಸೊನ್ನೆಯೊಳಗೆ ಕರಿಚುಕ್ಕೆ; ಚೌಕದ ಬಾಗಿಲು ತೆರೆದರೆ
ಈ ಗುಳಿಯ ಕಾಳು ಆ ಗುಳಿಗೆ.
ಅಳಗುಳಿಮಣೆಯೇ, ಆದರೆ ಆಡುವ ಕೈಗಳಿಲ್ಲ,
ಗೆಲ್ಲುವವರಿಲ್ಲ,
ಮಣೆ ತನ್ನನ್ನು ತಾನೇ ಆಡಿಕೊಳ್ಳುತ್ತದೆ.

ಅವಳಿಗೆ ಮೂರು ಮಾತು ಸಾಕು:
ಎಂದೆಂದೂ. ಎಂದಾದರೂ. ತನಕ.
ಪ್ರೇಮಿಗಳು ಅಗ್ಗಕ್ಕೆ ಬಿಕರಿ ಮಾಡುವ ಈ ಮೂರನ್ನೇ
ಅಕ್ಕಸಾಲಿಯ ತಕ್ಕಡಿಗೆ ಹಾಕಿ ಸೂತ್ರ ಬರೆದಳು:
ಬೆಳಕು ಬಿದ್ದ ಮೇಲೆ ಎಂದಾದರೂ ಬೀಜಕಣ;
ಅದಾಗುವ ತನಕ ಮರಳಿ ಹರಿಯದು,
ಯಾವ ದಾರಿ ಹಿಡಿದರೂ.

ಯಂತ್ರ ದಾರಿಗಳನ್ನೆಲ್ಲ ಹಿಡಿದು ನಡೆಯಿತು.
ಶನಿವಾರ, ಭಾನುವಾರ,
ಶ್ಪ್ರೇ ನದಿಯಂಚಿನಲ್ಲಿ ತೆಳು ಹಿಮ ಕಟ್ಟಿ ಕರಗುವಷ್ಟು ಹೊತ್ತು.
ಸೋಮವಾರ ಪರದೆಯ ಮೇಲೆ ಒಂದೇ ಪದ: ಸುಳ್ಳು.
ಅದರಡಿಗೆ ಸಾಕ್ಷಿ, ಇಪ್ಪತ್ಮೂರು ಹೆಜ್ಜೆ.
ಒಂಬತ್ತನೆಯದರಲ್ಲಿ ಬೆಳಕು.
ಹದಿನಾಲ್ಕರಲ್ಲಿ, ಇದೇನು, ಓಟ್ಸ್?
ಇಪ್ಪತ್ಮೂರರಲ್ಲಿ ಮತ್ತೆ ಹಳದಿ, ಮತ್ತೆ ಹರಿವು,
ಏನೂ ಆಗಿಯೇ ಇಲ್ಲವೆಂಬಂತೆ.

"ನನ್ನದೇ ತಪ್ಪು," ಅಂದಳು ಯಾಡ್ವಿಗಾ.
"ಬೆಳಕಾದ ಮೇಲೆ ಆಹಾರದ ಚೌಕ ಮುಚ್ಚಬೇಕಿತ್ತು.
ಆ ಹೊತ್ತಿನಲ್ಲಿ ಯಾರು ಊಟ ಹಾಕುತ್ತಾರೆ?"

ತಟ್ಟೆ ತೊಳೆಯುತ್ತಿದ್ದ ರೋಸ್ವಿತಾ ನಲ್ಲಿ ನಿಲ್ಲಿಸಿದಳು.
ಇಪ್ಪತ್ತು ವರ್ಷ ಕಲ್ಲಿದ್ದಲು ಗಣಿಯಲ್ಲಿ ಬೂದಿ ತೂಗಿದವಳು,
ಗಣಿ ಮುಚ್ಚಿದ ಮೇಲೆ ಇಲ್ಲಿ ಬೂಷ್ಟು ಸಾಕುತ್ತಾಳೆ.
"ನಾನು ಹಾಕಿದ್ದೆ.
ಫೆಬ್ರವರಿ, ರಾತ್ರಿ ಪಾಳಿ. ಹನ್ನೊಂದನೇ ತಟ್ಟೆ.
ಗಾಜಿನಂಚಿಗೆ ಬಂದು ತಡಕುತ್ತಿತ್ತು.
ಅವಲಕ್ಕಿಯಷ್ಟು ಒಂದೇ ಚೂರು, ಜೇಬಿನ ಬಿಸ್ಕತ್ತಿನಿಂದ ಕೆರೆದದ್ದು.
ಬೆಳಗ್ಗೆ ನೋಡಿದರೆ ಕಪ್ಪಾಗಿರಲಿಲ್ಲ. ಇಷ್ಟಗಲ ಹಳದಿ.
ಕೆಟ್ಟ ತಟ್ಟೆ ಅಂತ ಬರೆದು
ಬಿಸಿನೀರು ಹೊಯ್ದೆ."

ನಲ್ಲಿ ಇನ್ನೂ ತೊಟ್ಟಿಕ್ಕುತ್ತಿತ್ತು.
ಯಾಡ್ವಿಗಾ ಬೈಯಲಿಲ್ಲ, ಹೊಗಳಲೂ ಇಲ್ಲ.
ಎರಡು ಹಗಲು ಎರಡು ರಾತ್ರಿ, ಕೋಟಿ ದಾರಿ ಸವೆಸಿ
ಯಂತ್ರ ಹೋಗಿ ಮುಟ್ಟಿದ್ದು
ಈ ಹೆಂಗಸಿನ ಕೋಟಿನ ಜೇಬನ್ನು.

ಮುಚ್ಚಬೇಕೆಂದಿದ್ದ ಚೌಕ ತೆರೆದೇ ಉಳಿಯಿತು.
ತಂತ್ರಾಂಶ ಹೆಸರು ಕೇಳಿತು.
ಸೋರ್ಬಿಯನ್ ಪದವೊಂದು, ಅಜ್ಜಿಯದು, ಬೆರಳ ತುದಿಗೆ ಬಂತು.
ಅಳಿಸಿ,
ಟಿ ನಲವತ್ತೊಂದು ಅಂತ ಕೊಟ್ಟಳು.

ಈಗ ನೆಲಮಾಳಿಗೆಯಲ್ಲಿ ಮೂವತ್ತು ತಟ್ಟೆ ಸಾಲು.
ಬೆಳಕಾಗಿ ಒಂದು ಗಂಟೆಗೆ ಇದಕ್ಕೊಂದು ಚೂರು,
ಎರಡಕ್ಕೆ ಅದಕ್ಕೆ, ಎರಡೂವರೆಗೆ ಪಕ್ಕದ್ದಕ್ಕೆ.
ಎಲ್ಲಿಯ ತನಕ ತಡವಲ್ಲ?
ಇಕ್ಕಳದ ತುದಿಯಲ್ಲಿ ಓಟ್ಸ್ ಹಿಡಿದು
ರೋಸ್ವಿತಾ ಗಡಿಯಾರ ನೋಡುತ್ತಾಳೆ.
ಹನ್ನೊಂದನೇ ತಟ್ಟೆಗೆ ಮಾತ್ರ ಎರಡು ಚೂರು.
ಈ ಸಲ ಬರೆದಿಡುತ್ತಾಳೆ.