ಮುನ್ನೂರ ಐವತ್ನಾಕು

ಕಲಬುರಗಿ ಸ್ಟೇಶನ್ನಿನ ಹೊರ ಸಿಗ್ನಲ್ ದಾಟಿದರೆ
ಎಡಕ್ಕೆ ಕೋಳಸಾ ಗಲ್ಲಿ.
ಕೋಳಸಾ ಈಗಿಲ್ಲ. ಉಗಿಬಂಡಿ ನಿಂತದ್ದು ನಾನು ಹುಟ್ಟುವ ಮೊದಲು.
ಹೆಸರಷ್ಟೇ ಇನ್ನೂ ಕರ್ರಗಿದೆ.

ಗಲ್ಲಿಯ ಚರಿತ್ರೆ ಬರೆದವರಿಲ್ಲ.
ನಾನು ಬರೆಯಲು ಕೂತರೆ
ದಾಲ್ ಮಿಲ್ಲಿನ ಹೊಟ್ಟು ಹಾರಿಬಂದು
ಹಾಳೆಯ ಮೇಲೆ ಕೂರುತ್ತದೆ.
ಊದುತ್ತೇನೆ. ಮತ್ತೆ ಬರೆಯುತ್ತೇನೆ.

ಇಲ್ಲಿಗೆ ಮೊದಲು ಬಂದವನು ನನ್ನ ಮುತ್ಯಾ, ಗ್ಯಾಂಗ್‌ಮನ್ ಧೂಳಪ್ಪ.
ಮೊದಲು ಬಂದವರು ತಾವೆಂದು ಮದಾರಸಾಬರ ಮನೆಯವರೂ ಹೇಳುತ್ತಾರೆ,
ಪ್ರಭುದಾಸ ಮಾಸ್ತರರೂ.
ಸಾಕ್ಷಿಗೆ ಎಲ್ಲರೂ ತೋರಿಸುವುದು ಒಂದೇ ಬೇವಿನ ಗಿಡ.

ಮೈಲಿ ಹೋಗಿ ಕಿಲೋಮೀಟರು ಬಂದ ವರ್ಷ
ಹಳಿಯ ಬದಿಯ ಕಲ್ಲು ಕಿತ್ತು ಗುಂಡಿಗೆ ಉರುಳಿಸಿದರು.
ಒಂದನ್ನು ಮುತ್ಯಾ
ಕತ್ತಲಾದ ಮೇಲೆ ತಳ್ಳುಗಾಡಿಯಲ್ಲಿ ಮನೆಗೆ ತಂದ.
ಸೊಂಟದೆತ್ತರದ ಕರಿಕಲ್ಲು, ಮೈಮೇಲೆ ಕೆತ್ತಿದ ಮೂರು ಅಂಕಿ.
ಮುನ್ನೂರ ಐವತ್ನಾಕು.
"ಇಲ್ಲಿಂದ ಬೊಂಬಾಯಿಗೆ ಇಷ್ಟು" ಅಂದ.
"ಬೊಂಬಾಯಿ ತಗೊಂಡು ನಾ ಏನ್ ಮಾಡ್ಲಿ,
ಅರಿವಿ ಒಗಿಲಾಕ ಕಲ್ಲು ಬೇಕಾಗಿತ್ತು" ಅಂದಳು ಆಯಿ.
ನಲ್ಲಿಯ ಬದಿಗೆ ಅಡ್ಡ ಹಾಕಿಸಿದಳು, ಅಂಕಿ ಮೇಲೆ ಮಾಡಿ.
ಒದ್ದೆ ಬಟ್ಟೆ ಜಾರಬಾರದಲ್ಲ.

ಗಲ್ಲಿಗೆಲ್ಲ ಅದೊಂದೇ ನಲ್ಲಿ.
ಗ್ಯಾಂಗಿನವರ ಖಾಕಿ, ಗಿರಣಿಯವರ ಎಣ್ಣೆಜಿಡ್ಡಿನ ಧೋತರ,
ಚಾಂದಬಿಯ ಬಾಣಂತನದ ಬಟ್ಟೆ,
ಮಾಸ್ತರರ ಭಾನುವಾರದ ಬಿಳಿ ಅಂಗಿ
ಎಲ್ಲವೂ ಅದರ ಮೇಲೆಯೇ ಬಿದ್ದವು.
ಅಂಚಿನಲ್ಲಿದ್ದ ಮೂರು ಮೊದಲು ಸವೆಯಿತು.
ಬೊಂಬಾಯಿ ಐವತ್ನಾಕು ಮೈಲಿಗೆ ಬಂತು.

ಗಿರಣಿಯ ಭೋಂಗಾ ಒಂದು ಮುಂಜಾನೆ ಕೂಗಲಿಲ್ಲ.
ಒಲೆಗಳು ತಡವಾಗಿ ಹೊತ್ತಿದವು.
ತಿಂಗಳು ತುಂಬುವುದರೊಳಗೆ, ರಾತ್ರಿಯ ಪ್ಯಾಸೆಂಜರಿಗೆ
ಗಲ್ಲಿಯಿಂದ ಹನ್ನೊಂದು ಜನ ಹತ್ತಿದರು.
ಚಾಂದಬಿಯ ಗಂಡನೂ.
ಅವಳು ಒಗೆಯುವಾಗ ನೊರೆ ಸರಿಸಿ ಅಂಕಿ ತಡವುತ್ತಿದ್ದಳಂತೆ:
"ಐವತ್ನಾಕೇ ಅದ ನೋಡ್, ನಡದ್ರೂ ಮುಟ್ಟಬಹುದು."
ಆಯಿ ನಗಲಿಲ್ಲ.
ಸಬಕಾರದ ತುಂಡು ಅವಳ ಕಡೆ ಸರಿಸಿದಳು.

ಐದು ಸವೆದದ್ದು ಯಾವಾಗಲೋ, ಯಾರೂ ನೋಡಲಿಲ್ಲ.
ನನಗೆ ಅಕ್ಷರ ಬರುವ ಹೊತ್ತಿಗೆ ನಾಕೇ ಉಳಿದಿತ್ತು.
ತೊಗರಿ ಹೊಲ ದಾಟಿದರೆ ಸಮುದ್ರ ಎಂದು ನಂಬಿ
ನಾವು ಮೂರು ಹುಡುಗಿಯರು ಒಮ್ಮೆ ಹೊರಟೂ ಇದ್ದೆವು,
ಬುತ್ತಿ ಕಟ್ಟಿಕೊಂಡು.

ಹೋದ ವರ್ಷ ಸರ್ವೇದವರು ಬಂದರು.
ಇನ್ನೊಂದು ಹಳಿ ಬರುತ್ತದಂತೆ.
ಬಾಗಿಲುಗಳಿಗೆ ಕೆಂಪು ನಂಬರು ಹಚ್ಚುತ್ತ ಬಂದ ಹುಡುಗ
ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ, ನಾಲ್ಕರ ಮೇಲೆ ಬೆರಳಾಡಿಸಿದ.
"ಇದು ರೇಲ್ವೆ ಕಲ್ಲು. ಕಲ್ಲು ಇಲ್ಲಿ ಅದ ಅಂದ್ರ
ಇಲ್ಲೀತನಕ ಜಾಗಾ ರೇಲ್ವೇದು.
ನಾಳೆ ಸಾಹೇಬರು ಫೋಟೊ ಹೊಡೀತಾರ."

ಮುತ್ಯಾ ಸತ್ತು ಎಷ್ಟೋ ಕಾಲವಾಯಿತು.
ತಳ್ಳುಗಾಡಿಗೆ ಸಾಕ್ಷಿ ಎಲ್ಲಿಂದ ತರಲಿ.

ಆ ರಾತ್ರಿ, ಗೂಡ್ಸ್ ಗಾಡಿ ಹಾಯುವ ಸದ್ದಿನ ಮರೆಯಲ್ಲಿ
ಏಳು ಮಂದಿ ಹೆಂಗಸರು, ಎರಡು ಹಾರೆ,
ಟಾರ್ಚು ಹಿಡಿದ ಎಂಬತ್ತರ ಚಾಂದಬಿ: "ಹೂಂ, ಎತ್ರಿ!"
ಕಲ್ಲು ಹೊರಳಿತು.
ಅಂಕಿ ಮಣ್ಣಿಗೆ ಮುಖ ಹಾಕಿತು.

ಸಾಹೇಬರು ಬಂದಾಗ ನಾನು ಚಾದರ ಕುಕ್ಕುತ್ತಿದ್ದೆ.
ಹುಡುಗ ಕಲ್ಲು ನೋಡಿದ, ನನ್ನನ್ನು ನೋಡಿದ,
ಸುತ್ತಲಿನ ಹಸಿಮಣ್ಣು ನೋಡಿದ.
"ಇದಲ್ಲ ಸರ್" ಅಂದ.
ಯಾಕೆ ಅಂದನೋ.
ಅವನ ಅಂಗಿ ಯಾರು ಒಗೆಯುತ್ತಾರೋ.

ಕೆಂಪು ನಂಬರು ಬಾಗಿಲ ಮೇಲೆ ಇನ್ನೂ ಇದೆ.
ಕಲ್ಲಿನ ಹೊಸ ಮಗ್ಗುಲು ಬಲು ಒರಟು,
ಆಗಲೇ ಎರಡು ಕಾಲರು ತಿಂದಿದೆ.
ಸಂಜೆ ಮುಂಬೈ ಗಾಡಿ ಹೋದ ಮೇಲೆ
ಚಾಂದಬಿ ಕಟ್ಟೆಯಿಂದಲೇ ಕೇಳುತ್ತಾಳೆ:
"ಇನ್ನೂ ನಾಕೇ ಅದಾ? ನೋಡ್ ಸ್ವಲ್ಪ."

ಬಗ್ಗಿ ನೋಡಿದಂತೆ ಮಾಡಿ
ನಾಕೇ, ಅನ್ನುತ್ತೇನೆ.